ಮೊದಲ ಬೆಣೆ

ಕೊಲ್ಕತ್ತಾದಲ್ಲಿ ದುರ್ಗಾಪೂಜೆ ಹತ್ತಿರ ಬಂತೆಂದರೆ ಬಿದಿರಿಗೆ ಎಲ್ಲಿಲ್ಲದ ಗತ್ತು. ವರ್ಷವೆಲ್ಲ ಪೂಜೆ ನಡೆಸುವ ಓಣಿ ಕ್ಲಬ್ಬುಗಳ ಹಿತ್ತಿಲಲ್ಲಿ ಮಳೆ ನೆನೆಯುತ್ತ ಬಿದ್ದಿದ್ದ ಗಳಗಳಿಗೆ ಆಗ ಪೆಂಡಾಲಿನವರು ಮುಗಿಬೀಳುತ್ತಾರೆ. ಹೊಸ ಸ್ಲ್ಯಾಬಿಗೆ ಬಿದಿರಿನ ಬದಲು ಆಸರೆ ಕೊಡುವ ಕಬ್ಬಿಣದ ಜಾಕಿಗಳಾದರೂ ಸಿಗಬಾರದೇ ಎಂದರೆ, ಅವನ್ನು ದೊಡ್ಡ ಕಂಪನಿಗಳು ನ್ಯೂ ಟೌನಿನ ಬಹುಮಹಡಿ ಕಟ್ಟಡಗಳಿಗೆಂದು ಮೊದಲೇ ಹಿಡಿದಿಟ್ಟುಕೊಂಡು ಕೂತಿರುತ್ತವೆ. ಉಳಿದ ಸಣ್ಣ ಕಾಂಟ್ರ್ಯಾಕ್ಟರುಗಳು ತಮ್ಮ ಸ್ಲ್ಯಾಬನ್ನು ತಲೆಯ ಮೇಲೆ ಹೊತ್ತು ನಿಲ್ಲಬೇಕೇನು? ಹೀಗೆಂದು ಕೇಳುವವರು ಯಾರೂ ಇಲ್ಲ, ಕೇಳಿದರೂ ಹೇಳುವವರಿಲ್ಲ.

ವಿಶಾಲಾಕ್ಷಿ ಅಂಥ ಸಣ್ಣವರಲ್ಲಿ ಒಬ್ಬಳು. ಧಾರವಾಡದವಳು. ಕಾಂಕ್ರೀಟಿನ ಮೇಲೆ ಸಂಶೋಧನೆ ಮಾಡುತ್ತೇನೆಂದು ಇಪ್ಪತ್ತಾರು ವರ್ಷದ ಹಿಂದೆ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದು, ಕಾಗದದ ಮೇಲಿನ ಕಾಂಕ್ರೀಟು ಸಾಕಾಗಿ ನಿಜವಾದದ್ದಕ್ಕೇ ಇಳಿದುಬಿಟ್ಟಿದ್ದಳು. ಕಸ್ಬಾದಲ್ಲಿ ಒಂದು ಕೋಣೆಯ ಆಫೀಸು, ಒಂದು ಮಿಕ್ಸರ್, ಕಾಂಕ್ರೀಟನ್ನು ಅಲ್ಲಾಡಿಸಿ ಕೂರಿಸುವ ಎರಡು ವೈಬ್ರೇಟರ್, ಒಂಬತ್ತು ಜನ ಆಳುಗಳು, ಅವರೆಲ್ಲರ ಮೇಲೆ ಮೇಸ್ತ್ರಿ ಗೌರಾಂಗ. ಇಷ್ಟೇ ಅವಳ ಕಂಪನಿ. ಬಾಯಿ ಮಾತ್ರ ಹತ್ತು ಕಂಪನಿಗಾಗುವಷ್ಟಿತ್ತು. ಸಿಟ್ಟು ಬಂದರೆ ಎದುರಿಗಿದ್ದವರು ಯಾರೆಂದು ನೋಡುವವಳಲ್ಲ. ಬಂಗಾಳಿ ಮಾತಾಡಿದರೂ ಅದು ಧಾರವಾಡದ ರಾಗದಲ್ಲೇ ಹೊರಡುತ್ತಿತ್ತು. ಆಳುಗಳು ಅವಳ ಬೆನ್ನ ಹಿಂದೆ ಅದನ್ನು ಅಣಕಿಸಿ ನಗುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಈಗ ಕೈಯಲ್ಲಿದ್ದ ಕೆಲಸ ಬಾಲಚಂದ್ರ ರಾಯರದು. ಉಡುಪಿ ಕಡೆಯ ರಾಯರು ಬಾಲಿಗಂಜ್‌ನಲ್ಲಿ ಮೂವತ್ತು ವರ್ಷದಿಂದ ಇಡ್ಲಿ, ದೋಸೆಯ ಹೋಟೆಲು ನಡೆಸಿದವರು. ಮದುವೆ, ಮುಂಜಿಗೆ ಅಡುಗೆ ವಹಿಸಿಕೊಳ್ಳುವ ವ್ಯಾಪಾರವೂ ಬೆಳೆದಿದ್ದರಿಂದ ಕಸ್ಬಾದಲ್ಲೊಂದು ಹಳೆಯ ಗೋದಾಮು ಕೊಂಡು, ಅದರ ತಗಡು ಕಿತ್ತು, ಮೇಲೆ ಸ್ಲ್ಯಾಬ್ ಹಾಕಿಸಿ ಊಟದ ಹಾಲ್ ಮಾಡಲು ಹೊರಟಿದ್ದರು. ಪೂಜೆಯ ಸಪ್ತಮಿಯ ದಿನ ಅಲ್ಲೇ ಎಂಬತ್ತು ಜನರಿಗೆ ಊಟ ಹಾಕುತ್ತೇನೆಂದು ಮಾತನ್ನೂ ಕೊಟ್ಟುಬಿಟ್ಟಿದ್ದರು.

ಸ್ಲ್ಯಾಬಿನ ಕೆಳಗೆ ಆಸರೆ ನಿಲ್ಲಿಸಲು ಬಿದಿರು ಬೇಕಲ್ಲ, ಅದು ಸಿಕ್ಕಿದ್ದು ಆ ಓಣಿಯ ಕ್ಲಬ್ಬಿನಿಂದ. ಕ್ಲಬ್ಬಿನ ಕಾರ್ಯದರ್ಶಿ ಸುಬೀರ್. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಓಡಾಡುವ, ನಗುತ್ತಲೇ ಹೆದರಿಸುವ ಮನುಷ್ಯ. ನೂರಾ ಇಪ್ಪತ್ತು ಗಳ ಕೊಟ್ಟು, "ಮಹಾಲಯ ಕಳೆದ ಎರಡನೆಯ ದಿನ ವಾಪಸ್ಸು ಬರಬೇಕು ದಿದಿ, ಪೆಂಡಾಲಿನ ಗೇಟು ಇದರಲ್ಲೇ ಎದ್ದೇಳಬೇಕು" ಎಂದಿದ್ದ. ವಿಶಾಲಾಕ್ಷಿ ಒಪ್ಪಿದ್ದಳು. ಅವಳ ಲೆಕ್ಕದ ಪ್ರಕಾರ ಅಷ್ಟು ಹೊತ್ತಿಗೆ ಸ್ಲ್ಯಾಬಿಗೆ ಹದಿನಾರು ದಿನ ಆಗಬೇಕಿತ್ತು. ಹದಿನೆಂಟು ಅಡಿ ಅಗಲದ ಹಾಲಿಗೆ ಹದಿನಾಲ್ಕು ದಿನ ಆಸರೆ ಇರಬೇಕೆಂಬುದು ನಿಯಮ. ಆದರೆ ಮಳೆರಾಯ ಯಾರ ಲೆಕ್ಕ ಕೇಳುತ್ತಾನೆ? ಆರು ದಿನ ಬಿಡದೆ ಸುರಿದ, ಸ್ಲ್ಯಾಬ್ ಹಾಕುವುದೂ ಅಷ್ಟೇ ತಡವಾಯಿತು. ಇವತ್ತು ಸುಬೀರ್ ಬಿದಿರು ಕೇಳಲು ಬಂದು ನಿಂತಾಗ ಸ್ಲ್ಯಾಬಿಗೆ ಹತ್ತೇ ದಿನ.

ಆದರೂ ವಿಶಾಲಾಕ್ಷಿ ಹೂಂ ಅಂದಿದ್ದಳು. ಕಾರಣ, ಮೂರು ದಿನದ ಹಿಂದೆ ಬಂದ ಲ್ಯಾಬ್ ರಿಪೋರ್ಟು. ಸ್ಲ್ಯಾಬ್ ಹಾಕುವ ದಿನ ಅದೇ ಕಾಂಕ್ರೀಟನ್ನು ಆರು ಕಬ್ಬಿಣದ ಅಚ್ಚುಗಳಿಗೆ ತುಂಬಿ, ಇಟ್ಟಿಗೆಗಿಂತ ದಪ್ಪನೆಯ ಚೌಕ ತುಂಡುಗಳನ್ನು ಮಾಡಿ ನೀರಲ್ಲಿಡುತ್ತಾರೆ. ಅವಕ್ಕೆ ಕ್ಯೂಬ್ ಅನ್ನುವುದು. ಏಳನೆಯ ದಿನ ಮೂರು ಕ್ಯೂಬುಗಳನ್ನು ಲ್ಯಾಬಿನ ಯಂತ್ರದಲ್ಲಿಟ್ಟು ಒಡೆಯುವತನಕ ಒತ್ತುತ್ತಾರೆ. ಅವು ಎಷ್ಟು ತಡೆದವೋ ಅದೇ ಸ್ಲ್ಯಾಬಿನ ಬಲ. ಲ್ಯಾಬಿನ ಅಳತೆಯಲ್ಲಿ ಏಳು ದಿನಕ್ಕೆ ಹದಿನೇಳು ಬಂದಿದ್ದರೆ ಸಾಕಿತ್ತು, ಇಲ್ಲಿ ಇಪ್ಪತ್ತೇಳು ಬಂದಿತ್ತು! ಇಪ್ಪತ್ತೆಂಟು ದಿನಕ್ಕೆ ಬರಬೇಕಾದ್ದಕ್ಕಿಂತ ಹೆಚ್ಚು. ಅಷ್ಟು ಬಲ ಬಂದ ಮೇಲೆ ಆಸರೆಯನ್ನು ಬೇಗ ತೆಗೆಯಬಹುದು. ಖುಷಿ ತಡೆಯಲಾರದೆ ಅವಳೇ ರಾಯರಿಗೆ ಫೋನು ಮಾಡಿ, "ನಿಮ್ಮ ಸ್ಲ್ಯಾಬ್ ಕಲ್ಲಾಗೇದ್ರಿ ರಾಯರ, ಮಂಗಳವಾರ ಬಿದಿರು ಬಿಚ್ಚೂಣು" ಅಂದಿದ್ದಳು. ರಿಪೋರ್ಟಿನ ಫೋಟೋವನ್ನೂ ಕಳಿಸಿದ್ದಳು. ಇಷ್ಟೊಂದು ಹೆಚ್ಚು ಯಾಕೆ ಬಂತು ಎಂಬ ಸಣ್ಣ ಅನುಮಾನ ಬರಬೇಕಿತ್ತು. ಬರಲಿಲ್ಲ. ಒಳ್ಳೆಯ ಸುದ್ದಿಯನ್ನು ಯಾರು ತಾನೇ ಅನುಮಾನಿಸುತ್ತಾರೆ?

ಹಾಗೆ ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಎಲ್ಲರೂ ಸೇರಿದ್ದರು. ಹೊರಗೆ ವ್ಯಾನುಗಾಡಿ ನಿಲ್ಲಿಸಿಕೊಂಡು ಸುಬೀರನೂ ಕ್ಲಬ್ಬಿನ ಹತ್ತು ಹನ್ನೆರಡು ಜನರೂ ಕಾಯುತ್ತಿದ್ದರು. ಒಳಗೆ ಬಾಲಚಂದ್ರ ರಾಯರು ಬಿದಿರುಗಳ ನಡುವೆ ತೂರಿಕೊಂಡು, ಎಲ್ಲಿ ಮೇಜು, ಎಲ್ಲಿ ಕೈತೊಳೆಯುವ ಜಾಗ ಎಂದು ಹೆಜ್ಜೆ ಅಳೆಯುತ್ತಿದ್ದರು. ವಿಶಾಲಾಕ್ಷಿ ಹೆಲ್ಮೆಟ್ಟು ಹಾಕಿಕೊಂಡು ಗೌರಾಂಗನತ್ತ ನೋಡಿದಳು.

ಗೌರಾಂಗ ಏಳಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಬಿದಿರಿನ ಪ್ರತಿ ಗಳದ ಬುಡದಲ್ಲೂ ಎರಡು ಮರದ ಬೆಣೆಗಳಿರುತ್ತವೆ. ಸುತ್ತಿಗೆಯಿಂದ ಬೆಣೆಯನ್ನು ಹೊರಕ್ಕೆ ಹೊಡೆದರೆ ಗಳ ಸಡಿಲವಾಗುತ್ತದೆ, ಸ್ಲ್ಯಾಬಿನ ಭಾರ ಸ್ಲ್ಯಾಬಿಗೇ ಬೀಳುತ್ತದೆ. ಗೌರಾಂಗನ ಕಡೆಯ, ಅಂದರೆ ಮುರ್ಷಿದಾಬಾದಿನ ಮೇಸ್ತ್ರಿಗಳಲ್ಲಿ ಮೊದಲ ಬೆಣೆಯನ್ನು ಬೇರೆ ಯಾರೂ ಹೊಡೆಯುವುದಿಲ್ಲ. ಯಾರು ಕಾಂಕ್ರೀಟು ಹಾಕಿದರೋ ಅವರೇ ಒಬ್ಬರೇ ಒಳಗೆ ಹೋಗಿ, ಸುತ್ತಿಗೆಯನ್ನು ಹಣೆಗೆ ಒತ್ತಿಕೊಂಡು ಹೊಡೆಯಬೇಕು. ಉಳಿದವರು ಹೊರಗೆ ನಿಲ್ಲಬೇಕು. ನಾನು ಹಾಕಿದ್ದರ ಕೆಳಗೆ ನಾನೇ ಮೊದಲು ನಿಲ್ಲುತ್ತೇನೆ ಅನ್ನುವ ಮಾತು ಅದು. ಹನ್ನೊಂದು ವರ್ಷದಲ್ಲಿ ಗೌರಾಂಗ ಒಂದು ಸಲವೂ ಕರೆಸಿಕೊಂಡವನಲ್ಲ. ಕೈಯಲ್ಲಿನ ಚಹಾ ಮುಗಿಯುವ ಮೊದಲೇ ಎದ್ದುಬಿಡುತ್ತಿದ್ದ.

ಇವತ್ತು ಕಾಂಕ್ರೀಟು ಹೊರುವ ಬಾಂಡಲಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು, ಮಣ್ಣಿನ ಲೋಟದಲ್ಲಿ ಎಂದೋ ಮುಗಿದುಹೋದ ಚಹಾವನ್ನು ನೋಡುತ್ತಿದ್ದ.

"ಗೌರಾಂಗ, ಏಳಪಾ. ಹೊತ್ತಾತು."

ಅವನು ಲೋಟವನ್ನು ಕೈಯಲ್ಲೇ ತಿರುಗಿಸಿದ.

ವಿಶಾಲಾಕ್ಷಿಗೆ ರೇಗಿತು. ಹತ್ತಿರ ಹೋಗಿ, "ಏನು, ಮೈಗೆ ಹುಷಾರಿಲ್ಲೇನು? ಮಂದಿ ಕಾಯಲಿಕ್ಕತ್ತಾರ" ಎಂದು ತನ್ನ ಧಾರವಾಡದ ಬಂಗಾಳಿಯಲ್ಲಿ ಗದರಿದಳು. ಗೌರಾಂಗ ಲೋಟವನ್ನು ನೆಲಕ್ಕಿಟ್ಟ. ಸ್ಲ್ಯಾಬಿನತ್ತ ಒಮ್ಮೆ ನೋಡಿ ಕಣ್ಣು ತಗ್ಗಿಸಿದ. ಐವತ್ತೈದು ವರ್ಷದ ಗಟ್ಟಿ ಆಳು, ನಾಲ್ಕು ಮಹಡಿಯ ಅಂಚಿನಲ್ಲಿ ಬೀಡಿ ಸೇದುತ್ತ ನಡೆಯುವವನು. ಅವನು ಹೀಗೆ ಹೆದರಿದ್ದನ್ನು ಅವಳು ನೋಡಿದ್ದೇ ಇಲ್ಲ.

"ದಿದಿ, ಈಚೆ ಬನ್ನಿ" ಅಂದ.

ಮಿಕ್ಸರಿನ ಹಿಂದೆ ನಿಂತು, ಕ್ಲಬ್ಬಿನವರಿಗೆ ಕೇಳದಂತೆ, ಅವನು ಹೇಳಿದ್ದು ಇಷ್ಟು. ಸ್ಲ್ಯಾಬ್ ಹಾಕಿದ ದಿನ ಮಧ್ಯಾಹ್ನ ಮೂರಕ್ಕೆ ಮಳೆ ಹನಿದಿತ್ತು. ದಕ್ಷಿಣದ ಮೂಲೆಯೊಂದೇ ಬಾಕಿ. ಅವಳು ಮೇಲೆ ನಿಂತು ವೈಬ್ರೇಟರ್ ನೋಡಿಕೊಳ್ಳುತ್ತಿದ್ದಳು. ಕೆಳಗೆ ಮಿಕ್ಸರಿಗೆ ಎಷ್ಟು ನೀರು ಹೋಯಿತೋ, ಗುಡ್ಡೆ ಹಾಕಿದ್ದ ಮರಳು ಎಷ್ಟು ನೀರು ಕುಡಿದಿತ್ತೋ ಯಾರಿಗೂ ಗೊತ್ತಿಲ್ಲ. ಬಾಂಡಲಿಯಲ್ಲಿ ಕಾಂಕ್ರೀಟು ಸಾರಿನ ಹಾಗೆ ಅಲ್ಲಾಡುತ್ತಿತ್ತು. ಕ್ಯೂಬು ತುಂಬುವ ಹೊತ್ತಿಗೆ ಗೌರಾಂಗನಿಗೆ ಹೆದರಿಕೆ ಹುಟ್ಟಿತು. ಆ ಕಾಂಕ್ರೀಟನ್ನು ಬಿಟ್ಟು, ಬೇರೆ ತಗಡಿನ ಮೇಲೆ ಬೇರೆಯೇ ಕಲಸಿ, ಎರಡು ಮಗ್ಗು ಸಿಮೆಂಟು ಹೆಚ್ಚು ಹಾಕಿ ಆರು ಕ್ಯೂಬು ಮಾಡಿದ.

"ಹಂಗಂದ್ರ, ಲ್ಯಾಬಿಗೆ ಹೋದದ್ದು ಈ ಸ್ಲ್ಯಾಬ್ ಅಲ್ಲಾ?"

"ಅಲ್ಲ ದಿದಿ."

ವಿಶಾಲಾಕ್ಷಿ ತಿರುಗಿ ಬಿದಿರುಗಳ ಮೇಲಿನ ಸ್ಲ್ಯಾಬನ್ನು ನೋಡಿದಳು. "ಯಾಕ ಮಾಡಿದಿ? ನನಗೊಂದು ಮಾತು ಹೇಳಬೇಕೊ ಬ್ಯಾಡೊ?" ಅಂದಳು.

"ನೀವೇ ಹೇಳಿದ್ರಲ್ಲ ದಿದಿ, ಹೋದ ವರ್ಷ. ಇನ್ನೊಂದು ಸಲ ಫೇಲ್ ಅಂತ ಕಾಗದ ಬಂದರೆ ಅಂಗಡಿ ಮುಚ್ಚತೀನಿ, ನೀವೆಲ್ಲ ಊರಿಗೆ ಹೋಗ್ರಿ ಅಂತ. ಎಲ್ಲರ ಎದುರಿಗೆ ಹೇಳಿದ್ರಿ." ಅವನು ಆಳುಗಳತ್ತ ಕೈ ತೋರಿಸಿದ. "ಒಂಬತ್ತು ಮನೆ ದಿದಿ. ನಾನು ಏನು ಮಾಡಲಿ?"

ಹೇಳಿದ್ದಳು. ಹೌದು, ಹೇಳಿದ್ದಳು. ಹೋದ ವರ್ಷ ಒಂದು ಶಾಲೆಯ ಮೆಟ್ಟಿಲಿನ ಕೆಲಸ. ಅಲ್ಲಿಯ ಓಣಿಯವರು, ನಮ್ಮ ಮರಳನ್ನೇ ಕೊಳ್ಳಬೇಕು, ಇಲ್ಲದಿದ್ದರೆ ಲಾರಿ ಒಳಗೆ ಬಿಡುವುದಿಲ್ಲ ಎಂದು ಅರ್ಧ ಮಣ್ಣೇ ಇದ್ದ ಮರಳನ್ನು ತಂದು ಸುರಿದಿದ್ದರು. ಕ್ಯೂಬು ಫೇಲಾಯಿತು. ದೊಡ್ಡ ಕಂಪನಿಗೆ ಫೇಲ್ ಆದರೆ ಇನ್ನೊಂದು ಪರೀಕ್ಷೆ, ಅದೂ ಆಗದಿದ್ದರೆ ಮೂರನೆಯದು, ಜೊತೆಗೆ ಎಸಿ ಕೋಣೆಯಲ್ಲಿ ಒಂದು ಮೀಟಿಂಗು. ಸಣ್ಣವರಿಗೆ ಫೇಲ್ ಆದರೆ ಅವತ್ತೇ ಕಾಂಟ್ರ್ಯಾಕ್ಟರುಗಳ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಅವಳ ಹೆಸರನ್ನೂ ಹೊಡೆದುಹಾಕಿದ್ದರು. ಆ ಸಿಟ್ಟನ್ನು ಆಳುಗಳ ಮೇಲೆ ತೀರಿಸಿಕೊಂಡು ಆಡಿದ ಮಾತದು. ಆಡಿದವಳು ಮರೆತಿದ್ದಳು, ಕೇಳಿದವನು ಮರೆತಿರಲಿಲ್ಲ.

"ದಿದಿ, ಎಷ್ಟು ಹೊತ್ತು?" ಸುಬೀರ್ ಹೊರಗಿನಿಂದ ಕೂಗಿದ.

ಅವಳ ತಲೆಯಲ್ಲಿ ಎರಡೇ ವಿಷಯ ಓಡುತ್ತಿದ್ದವು. ಇನ್ನೂ ಕನಿಷ್ಠ ನಾಲ್ಕು ದಿನ, ಆ ಮೂಲೆಗಾದರೆ ಅದಕ್ಕೂ ಹೆಚ್ಚು, ಈ ಬಿದಿರು ಇಲ್ಲೇ ನಿಲ್ಲಬೇಕು. ಆದರೆ ಯಾಕೆಂದು ಹೇಳಿದರೆ ತನ್ನ ಕಥೆ ಇವತ್ತಿಗೇ ಮುಗಿಯಿತು. ಸುಳ್ಳು ಕ್ಯೂಬು ಕಳಿಸಿದವಳು ಅಂತ ಒಮ್ಮೆ ಹೆಸರು ಬಂದರೆ ಈ ಊರಲ್ಲಿ ನಾಯಿಗೂಡು ಕಟ್ಟಲೂ ಯಾರೂ ಕರೆಯುವುದಿಲ್ಲ. ಜಾಕಿಗಾಗಿ ಪರಿಚಯದ ಇಬ್ಬರಿಗೆ ಫೋನು ಮಾಡಿದಳು. ಒಬ್ಬ ಪೂಜೆ ಮುಗಿಯಲಿ ಎಂದ, ಇನ್ನೊಬ್ಬ ಫೋನೇ ಎತ್ತಲಿಲ್ಲ.

ಮುಖ ಒರೆಸಿಕೊಂಡು ಹೊರಗೆ ಬಂದು, "ಇವತ್ತು ಆಗೂದಿಲ್ಲ ಸುಬೀರ್‌ದಾ. ಗೌರಾಂಗಗ ಆರಾಮಿಲ್ಲ. ಮೊದಲ ಬೆಣೆ ಅವನೇ ಹೊಡೀಬೇಕು. ನಾಲ್ಕು ದಿನ ಬಿಟ್ಟು ಬರ್ರಿ" ಅಂದಳು.

ಸುಬೀರ್ ನಕ್ಕ. "ನಾಲ್ಕು ದಿನ ಬಿಟ್ಟರೆ ದೇವಿ ಬಂದು ಕೂತಿರುತ್ತಾಳೆ ದಿದಿ, ಗೇಟಿಲ್ಲದ ಪೆಂಡಾಲಿನಲ್ಲಿ. ನಿಮ್ಮ ಮೇಸ್ತ್ರಿಗೆ ಹುಷಾರಿಲ್ಲದಿದ್ದರೆ ಮಲಗಲಿ. ನಮ್ಮವರು ಹುಟ್ಟಿದ್ದೇ ಬಿದಿರಿನ ಜೊತೆ. ಅವರೇ ಬಿಚ್ಚಿಕೊಳ್ಳುತ್ತಾರೆ."

"ಅದು ಹಂಗ ಬಿಚ್ಚೂದಲ್ಲ. ಅದಕ್ಕೊಂದು ಕ್ರಮ ಅದ."

ಅಷ್ಟರಲ್ಲಿ ಬಾಲಚಂದ್ರ ರಾಯರು ಬಿದಿರುಗಳ ನಡುವಿನಿಂದ ಬಗ್ಗಿಕೊಂಡು ಹೊರಬಂದರು. "ಎಂತದು ಮೇಡಂ ಇದು? ನಾಲ್ಕು ದಿನವಾ? ನಾನು ಸಪ್ತಮಿಗೆ ಎಂಬತ್ತು ಎಲೆ ಹಾಕಬೇಕು ಮಾರಾಯ್ರೆ! ನೀವೇ ಫೋನು ಮಾಡಿ ಹೇಳಿದ್ದಲ್ವಾ, ಕಲ್ಲಾಗಿ ಉಂಟು ಅಂತ?"

"ಹೇಳಿದ್ದೆ ರಾಯರ, ಆದರ..."

"ಆದರೆ ಎಂತ ಆದರೆ? ರಿಪೋರ್ಟು ಉಂಟಲ್ಲ ಇಲ್ಲಿ!" ರಾಯರು ಫೋನು ತೆಗೆದು, ಅದನ್ನು ಸುಬೀರನ ಮುಖಕ್ಕೇ ಹಿಡಿದರು. ಹಿಂದಿಯಲ್ಲಿ, "ನೋಡಿ, ಇಪ್ಪತ್ತೇಳು. ಹದಿನೇಳು ಬಂದ್ರೆ ಸಾಕಿತ್ತು. ಮೇಡಂ ಸುಮ್ಮನೆ ಹೆದರ್ತಾರೆ" ಅಂದರು.

ಸುಬೀರ್ ಕನ್ನಡಕ ಇಳಿಸಿ ಓದಿದ. ಕೆಳಗೆ ವಿಶಾಲಾಕ್ಷಿಯ ಕಂಪನಿಯ ಹೆಸರು, ಲ್ಯಾಬಿನ ಮೊಹರು. "ವಾಹ್!" ಎಂದು ತನ್ನವರತ್ತ ತಿರುಗಿ, "ಹೋಗಿ, ಬಿಚ್ಚಿ. ಎಂಜಿನಿಯರೇ ಬರೆದು ಕೊಟ್ಟಿದ್ದಾರೆ" ಎಂದ.

ತನ್ನದೇ ಕಾಗದ ತನ್ನ ಕುತ್ತಿಗೆಗೇ ಬಂದಿತ್ತು. ಕ್ಲಬ್ಬಿನವರು ನುಗ್ಗಿದರು. ವಿಶಾಲಾಕ್ಷಿ ಅಡ್ಡ ನಿಂತಳು. ಅವಳನ್ನು ಮುಟ್ಟದೆಯೇ, ಬದಿಯಿಂದ ಸರಿದು ಹೋದರು. ಕೆಂಪು ಬನಿಯನ್ನಿನ ಒಬ್ಬ ಗೌರಾಂಗನ ಸುತ್ತಿಗೆಯನ್ನೇ ಎತ್ತಿಕೊಂಡು ನೇರ ದಕ್ಷಿಣದ ಮೂಲೆಗೆ ಹೋದ, ಅದು ವ್ಯಾನಿಗೆ ಹತ್ತಿರ ಅಂತ. ಅವನ ಹಿಂದೆ ನಾಲ್ಕು ಜನ. ರಾಯರೂ ಅವರ ಜೊತೆ ಒಳಗೆ ಹೋದರು, ತಮ್ಮ ಗೋಡೆಗೆ ಗಳ ತಾಗಿ ಗೀರು ಬಿದ್ದೀತು ಅಂತ.

"ಬ್ಯಾಡ! ಹೊರಗ ಬರ್ರಿ!" ವಿಶಾಲಾಕ್ಷಿ ಕೂಗಿದಳು. ಯಾವ ಭಾಷೆಯಲ್ಲಿ ಕೂಗಿದಳೋ ಅವಳಿಗೇ ತಿಳಿಯಲಿಲ್ಲ.

ಕೆಂಪು ಬನಿಯನ್ನಿನವನು ಸುತ್ತಿಗೆ ಬೀಸಿದ. ಟಕ್ಕೆಂದು ಬೆಣೆ ಅರ್ಧ ಹೊರಗೆ ಬಂತು. ಗಳ ಸ್ವಲ್ಪ ವಾಲಿತು. ಮೇಲಿನ ಹಲಗೆಯ ಸಂದಿನಿಂದ ಒಂದು ಹಿಡಿ ಬೂದಿಬಣ್ಣದ ಪುಡಿ ಉದುರಿ ರಾಯರ ಭುಜದ ಮೇಲೆ ಬಿತ್ತು. ರಾಯರು ಅದನ್ನು ಕೊಡವಿಕೊಂಡು, "ಒರಟಾಗಿ ಹೊಡಿಬೇಡ ಮಾರಾಯ" ಅಂದರು. ಅವನು ಎರಡನೆಯ ಏಟಿಗೆ ಸುತ್ತಿಗೆ ಎತ್ತಿದ.

ಆಗ ವಿಶಾಲಾಕ್ಷಿಗೆ ಒಂದು ಸ್ಪಷ್ಟವಾಯಿತು. ಬೇರೆ ಯಾವ ಮಾತೂ ಆ ಸುತ್ತಿಗೆಯನ್ನು ತಡೆಯುವುದಿಲ್ಲ. ಕ್ರಮ, ನಿಯಮ, ನಾಲ್ಕು ದಿನ, ಮೇಸ್ತ್ರಿಗೆ ಆರಾಮಿಲ್ಲ ಅನ್ನುವುದು, ಯಾವುದೂ ಇಲ್ಲ. ಆ ರಿಪೋರ್ಟು ಇರುವ ತನಕ ಅವರು ಹೊಡೆಯುತ್ತಲೇ ಇರುತ್ತಾರೆ. ಅವಳು ಸ್ಲ್ಯಾಬಿನ ಕೆಳಗೆ ನುಗ್ಗಿ, ಸುತ್ತಿಗೆ ಹಿಡಿದ ಕೈಯ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಆ ರಿಪೋರ್ಟ್ ಸುಳ್ಳು" ಅಂದಳು, ಬಂಗಾಳಿಯಲ್ಲಿ, ಎಲ್ಲರಿಗೂ ಕೇಳುವಂತೆ. "ಅವು ಈ ಸ್ಲ್ಯಾಬಿನ ಕ್ಯೂಬಲ್ಲ. ನಮ್ಮವರೇ ಬೇರೆ ಕಲಸಿ ಮಾಡಿದ್ದು. ಈ ಮೂಲಿ ಮಳ್ಯಾಗ ಹಾಕಿದ್ದು. ಇದಕ್ಕ ಎಷ್ಟು ಬಲ ಅದ ಅಂತ ನನಗೂ ಗೊತ್ತಿಲ್ಲ. ಇದರ ಕೆಳಗ ನಿಂತು ಇನ್ನೊಂದು ಬೆಣೆ ಹೊಡಿಯೂ ಧೈರ್ಯ ಯಾರಿಗೆ ಅದ? ಹೊಡೀರಿ!"

ಕೆಂಪು ಬನಿಯನ್ನಿನವನು ತಲೆಯ ಮೇಲೆ ನೋಡಿದ, ಸುತ್ತಿಗೆಯನ್ನು ಮೆಲ್ಲಗೆ ಅವಳ ಕೈಗೇ ಕೊಟ್ಟು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಗೆ ಹೋದ. ಉಳಿದವರೂ ಹೋದರು. ಬಾಲಚಂದ್ರ ರಾಯರು ಮಾತ್ರ, ಹೇಳಿದ್ದು ತಲೆಗೆ ಹತ್ತದವರ ಹಾಗೆ ಅಲ್ಲೇ ನಿಂತಿದ್ದರು.

"ಹೊರಗ ಹೋಗ್ರಿ ರಾಯರ" ಅಂದಳು. "ನಿಮ್ಮ ಕಾಲಿಗೆ ಬೀಳ್ತೀನಿ, ಮೊದಲು ಹೊರಗ ಹೋಗ್ರಿ."

ಅವರು ಹೋದರು. ಉಳಿದದ್ದು ವಾಲಿದ ಆ ಒಂದು ಗಳ. ಅದನ್ನು ಯಾರಾದರೂ ಮತ್ತೆ ಬಿಗಿ ಮಾಡಬೇಕಿತ್ತು. ವಿಶಾಲಾಕ್ಷಿ ಮೊಣಕಾಲೂರಿ ಸುತ್ತಿಗೆ ಎತ್ತುವಷ್ಟರಲ್ಲಿ ಪಕ್ಕದಲ್ಲಿ ಗೌರಾಂಗ ಬಂದು ಕುಕ್ಕರಗಾಲಲ್ಲಿ ಕೂತಿದ್ದ. "ಬಿಡಿ ದಿದಿ, ನಿಮಗೆ ಬರಲ್ಲ" ಅಂದ. ಗಳವನ್ನು ಭುಜದಿಂದ ನೆಟ್ಟಗೆ ಒತ್ತಿ ಹಿಡಿಯಲು ಅವಳಿಗೆ ಹೇಳಿ, ಬೆಣೆಗೆ ಸಣ್ಣ ಸಣ್ಣ ಏಟು ಕೊಟ್ಟ. ಪ್ರತಿ ಏಟಿಗೂ ಇಬ್ಬರೂ ಮೇಲೆ ನೋಡುತ್ತಿದ್ದರು. ಹನ್ನೆರಡನೆಯ ಏಟಿಗೆ ಬೆಣೆ ಕಚ್ಚಿಕೊಂಡಿತು. ಅವನು ಗಳವನ್ನು ಅಲ್ಲಾಡಿಸಿ ನೋಡಿ, ಆಯಿತು ಎಂದು ತಲೆಯಾಡಿಸಿದ.

ಹೊರಗೆ ಬಂದಾಗ ಕ್ಲಬ್ಬಿನ ಒಬ್ಬ ಫೋನು ಹಿಡಿದು ವೀಡಿಯೊ ಮಾಡುತ್ತಿದ್ದ. ಗೌರಾಂಗ ಅವನ ಮುಂದೆ ಹೋಗಿ ನಿಂತು, "ಮಾಡಿದ್ದು ನಾನು. ದಿದಿಗೆ ಗೊತ್ತೇ ಇರಲಿಲ್ಲ. ನನ್ನ ಮುಖ ತೆಗೆದುಕೋ" ಅಂದ.

"ಸುಮ್ನಿರು" ಅಂದಳು ವಿಶಾಲಾಕ್ಷಿ. "ಅದರ ಮ್ಯಾಲೆ ಹೆಸರು ನನ್ನದದ. ಮಾಡಿಸಿದ್ದೂ ನನ್ನ ಬಾಯೇ."

ಸುಬೀರ್ ಈಗ ನಗುತ್ತಿರಲಿಲ್ಲ. ಅವನಿಗೆ ಗೇಟೂ ಹೋಯಿತು, ಓಣಿಯವರ ಮುಂದೆ ಮಾತೂ ಹೋಯಿತು. "ಬಿದಿರು ಎಲ್ಲಿಗೆ ಓಡಿಹೋಗುತ್ತದೆ, ಇರಲಿ" ಅಂದ. "ನನ್ನ ಹುಡುಗರನ್ನು ನಿಮ್ಮ ಹೊಟ್ಟೆಪಾಡಿನ ಸುಳ್ಳಿಗಾಗಿ ಒಳಗೆ ಕಳಿಸಿದಿರಲ್ಲ ದಿದಿ. ಈ ಕೆಲಸ ಮುಗಿದ ಮೇಲೆ ನಮ್ಮ ಪಾಡಾದಲ್ಲಿ, ಈ ಓಣಿಗಳಲ್ಲೆಲ್ಲೂ, ನಿಮ್ಮ ಬೋರ್ಡು ಕಾಣಬಾರದು." ವಿಶಾಲಾಕ್ಷಿ ಹೂಂ ಅಂದಳು. ಕಳಿಸಿದ್ದು ನಾನಲ್ಲ ಎಂದು ವಾದಿಸಲು ಅವಳಲ್ಲಿ ಶಕ್ತಿಯಿರಲಿಲ್ಲ, ವಾದಿಸುವ ಮುಖವೂ ಇರಲಿಲ್ಲ.

ರಾಯರು ವ್ಯಾನಿನ ಅಂಚಿಗೆ ಕೂತಿದ್ದರು. ಅವರ ಭುಜದ ಮೇಲೆ ಇನ್ನೂ ಆ ಪುಡಿಯಿತ್ತು. "ನಮ್ಮ ಭಾಷೆಯವರು ಅಂತ ನಿಮಗೆ ಕೊಟ್ಟದ್ದು ಮೇಡಂ" ಅಂದರು. "ನಮ್ಮವರು ಮೋಸ ಮಾಡ್ಲಿಕ್ಕಿಲ್ಲ ಅಂತ." ಅಷ್ಟು ಹೇಳಿ ಎದ್ದು, ಆಟೋ ಹಿಡಿದು ಹೊರಟೇಹೋದರು. ಸುಬೀರನ ಮಾತಿಗಿಂತ ಅದು ಅವಳನ್ನು ಹೆಚ್ಚು ನೋಯಿಸಿತು. ಮಿಕ್ಸರಿನ ಹಿಂದೆ ಹೋಗಿ, ಯಾರಿಗೂ ಕಾಣದಂತೆ ಅತ್ತಳು.

ವೀಡಿಯೊ ಮಧ್ಯಾಹ್ನದೊಳಗೆ ಎಲ್ಲ ಕಡೆ ಓಡಾಡಿತು. ಮಾತಾಗಿದ್ದ ಎರಡು ಕೆಲಸದವರು ಫೋನು ಮಾಡಿ, ಪೂಜೆ ಮುಗಿಯಲಿ ನೋಡೋಣ ಅಂದರು. ನೋಡೋಣ ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಪೂಜೆ ಬಂತು, ಢಾಕ್ ಡೋಲಿನ ಸದ್ದು ಬಂತು. ಕ್ಲಬ್ಬಿನ ಪೆಂಡಾಲಿಗೆ ಗೇಟಿನ ಜಾಗದಲ್ಲಿ ಬರೀ ಬಟ್ಟೆಯ ಪರದೆ ಕಟ್ಟಿದ್ದರು. ಆ ಐದು ದಿನವೂ ವಿಶಾಲಾಕ್ಷಿ ಆ ಓಣಿಗೆ ಕಾಲಿಡಲಿಲ್ಲ. ರಾಯರು ಸಪ್ತಮಿಯ ಊಟವನ್ನು ಬಾಲಿಗಂಜ್‌ನ ತಮ್ಮ ಹೋಟೆಲಿನಲ್ಲೇ ಇಕ್ಕಟ್ಟಿನಲ್ಲಿ ಮುಗಿಸಿದರೆಂದು ಯಾರೋ ಹೇಳಿದರು.

ದಸರೆಯ ಮರು ಹುಣ್ಣಿಮೆಗೆ ಬರುವ ಲಕ್ಷ್ಮೀಪೂಜೆ ಕಳೆದ ಮೇಲೆ ಅವಳೇ ಲ್ಯಾಬಿನವರನ್ನು ಕರೆಸಿದಳು. ಬಿದಿರು ಹಾಗೇ ಇರುವಾಗಲೇ ಅವರು ಸ್ಲ್ಯಾಬಿನಿಂದಲೇ ಗುಂಡನೆಯ ತುಂಡುಗಳನ್ನು ಕೊರೆದು ಒಯ್ದರು. ಅದನ್ನು ಯಾವ ಮಗ್ಗು ಸಿಮೆಂಟೂ ಬದಲಿಸಲಾರದು. ಉತ್ತರದ ಕಡೆ ಇಪ್ಪತ್ತನಾಲ್ಕು, ನಡುವೆ ಇಪ್ಪತ್ತಮೂರು, ಚೆನ್ನಾಗಿತ್ತು. ದಕ್ಷಿಣದ ಮೂಲೆಯಲ್ಲಿ ಹನ್ನೊಂದು. ಇಷ್ಟು ದಿನದ ಮೇಲೂ ಹನ್ನೊಂದು.

ಕಾಗದವನ್ನು ಫೋಟೋ ಮಾಡಿ ಕಳಿಸಲಿಲ್ಲ. ಕೈಯಲ್ಲೇ ಹಿಡಿದು ಹೋಟೆಲಿಗೆ ಹೋಗಿ ರಾಯರ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. "ಆ ಮೂಲಿ ಒಡದು ಹೊಸದಾಗಿ ಹಾಕ್ತೀನ್ರಿ. ನಿಮ್ಮದೇನೂ ಬ್ಯಾಡ. ಬ್ಯಾರೆಯವರ ಕಡೆ ಮಾಡಸ್ತೀನಿ ಅಂದ್ರೂ ಸರಿ, ಅದನ್ನ ನಾನೇ ಭರಸ್ತೀನಿ."

ರಾಯರು ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಮೂಲೆಯಲ್ಲಿ ಕೈತೊಳೆಯುವ ಜಾಗ ಮಾಡುವವನಿದ್ದೆ ನಾನು" ಅಂದರು. "ಊಟ ಮುಗಿದ ಮೇಲೆ ಎಂಬತ್ತು ಜನವೂ ಅಲ್ಲಿಗೇ ಬರ್ತಿದ್ರು." ಒಳಗೆ ತಿರುಗಿ ಎರಡು ಕಾಫಿ ತರಲು ಕೂಗಿದರು. ಬೇರೆಯವರ ವಿಷಯ ಎತ್ತಲೇ ಇಲ್ಲ.

ಮೂಲೆ ಒಡೆಯಲು ಆರು ದಿನ ಹಿಡಿಯಿತು. ಮತ್ತೆ ಕಾಂಕ್ರೀಟು ಹಾಕುವ ದಿನ ವಿಶಾಲಾಕ್ಷಿ ಮೇಲೆ ಹತ್ತಲಿಲ್ಲ. ಮಿಕ್ಸರಿನ ಪಕ್ಕದಲ್ಲೇ ನಿಂತಳು. ಆಕಾಶ ಶುಭ್ರವಾಗಿತ್ತು. ಆದರೂ ಎಲ್ಲರೂ ಹತ್ತು ನಿಮಿಷಕ್ಕೊಮ್ಮೆ ಮೇಲೆ ನೋಡುತ್ತಿದ್ದರು. ಅರ್ಧ ಕೆಲಸವಾದಾಗ ಗೌರಾಂಗ ಕ್ಯೂಬಿನ ಅಚ್ಚುಗಳನ್ನು ಸಾಲಾಗಿ ಇಟ್ಟು, ಅವಳ ಮುಖ ನೋಡದೆ ಕೇಳಿದ:

"ದಿದಿ, ಇದಕ್ಕೆ ಯಾವುದರಿಂದ ತುಂಬಲಿ?"

"ಮ್ಯಾಲೆ ಹೋಗಲಿಕ್ಕತ್ತಿದ ಬಾಂಡಲಿಯೊಳಗಿಂದ."

"ಫೇಲಾದರೆ?"

ಆಳುಗಳೆಲ್ಲ ಕೈ ನಿಲ್ಲಿಸಿ ಅವಳನ್ನೇ ನೋಡಿದರು. ಹೋದ ವರ್ಷ ಆ ಮಾತು ಆಡಿದ್ದೂ ಇವರೆಲ್ಲರ ಎದುರಿಗೇ.

"ಫೇಲಾದ್ರ ಆಗಲಿ. ಮತ್ತ ಒಡದು ಮತ್ತ ಹಾಕೂಣು" ಅಂದಳು. "ಅಂಗಡಿ ಮುಚ್ಚತೀನಿ ಅಂದಿದ್ದೆನಲ್ಲ, ಅದು ಸಿಟ್ಟಿನ ಮಾತು. ಮರತುಬಿಡ್ರಿ. ನೀರು ಹೆಚ್ಚಾದ್ರ, ಉಸುಕು ಕೆಟ್ಟಿದ್ರ, ಎಲ್ಲಾಕಿಂತ ಮೊದಲು ನನಗ ಹೇಳ್ರಿ. ನಾ ಒದರಾಡತೀನಿ, ನನ್ನ ಬಾಯಿ ನಿಮಗ ಗೊತ್ತದ. ಒದರಾಡಿದ್ರೂ ಹೇಳ್ರಿ."

ಗೌರಾಂಗ ಹಾದುಹೋಗುತ್ತಿದ್ದ ಬಾಂಡಲಿಯೊಂದನ್ನು ತಡೆದು ಇಳಿಸಿ, ಅದರಿಂದಲೇ ಆರು ಅಚ್ಚು ತುಂಬಿದ.

ಏಳನೆಯ ದಿನ ರಿಪೋರ್ಟು ಬಂತು. ಹದಿನೆಂಟು. ಬೇಕಾದ್ದಕ್ಕಿಂತ ಒಂದೇ ಒಂದು ಹೆಚ್ಚು. ವಿಶಾಲಾಕ್ಷಿ ಅದನ್ನು ಆಳುಗಳಿಗೆಲ್ಲ ಓದಿ ಹೇಳಿದಳು. ಆದರೂ ಬಿದಿರಿಗೆ ಕೈ ಹಚ್ಚಲು ಬಿಡಲಿಲ್ಲ, ಪೂರ್ತಿ ಇಪ್ಪತ್ತೊಂದು ದಿನ ಕಾಯಿಸಿದಳು.

ಇಪ್ಪತ್ತೊಂದನೆಯ ದಿನ ಬೆಳಗ್ಗೆ ರಾಯರು ಬಂದು ಬಾಗಿಲಲ್ಲಿ ನಿಂತರು. ಸುಬೀರನೂ ವ್ಯಾನು ತಂದಿದ್ದ, ಹೊರಗೇ ನಿಂತ. ವಿಶಾಲಾಕ್ಷಿ ತನ್ನ ಕಂಪನಿಯ ಬೋರ್ಡನ್ನು ಆಗಲೇ ಬಿಚ್ಚಿ ಗೋಡೆಗೆ ಒರಗಿಸಿದ್ದಳು. ಅವಳು ಹೆಲ್ಮೆಟ್ಟು ಹಾಕಿಕೊಂಡು, ಗೌರಾಂಗನನ್ನು ಕರೆಯಲೆಂದು ತಿರುಗಿದಳು.

ಬಾಂಡಲಿಯ ಮೇಲೆ ಅವನಿರಲಿಲ್ಲ. ಅರ್ಧ ಕುಡಿದ ಚಹಾ ಅಲ್ಲೇ ಹಬೆಯಾಡುತ್ತಿತ್ತು. ಅವನು ಆಗಲೇ ದಕ್ಷಿಣದ ಮೂಲೆಯಲ್ಲಿ ಒಬ್ಬನೇ ಕೂತು, ಸುತ್ತಿಗೆಯನ್ನು ಹಣೆಗೆ ಒತ್ತಿಕೊಂಡಿದ್ದ.